ಚೀಲದಣ್ಣ

ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಚೀಲದಣ್ಣ. ಗುಂಡಿಗೆಗೆ ಆಸರೆಯಾಗಿ ಎದೆಯೊಳಗೆ ಪಂಪು ಇಟ್ಟುಕೊಂಡವರು ಅದರ ಬ್ಯಾಟರಿ ಹೊತ್ತೇ ತಿರುಗಬೇಕಲ್ಲ, ಆ ಬ್ಯಾಟರಿ ಇಡುವ ಚೀಲ ಹೊಲಿಯುವುದು ಅವನ ಕೆಲಸ. ಬ್ಯಾಟರಿಯಷ್ಟೇ ತೂಕದ ಮರಳು ತುಂಬಿದ ಚೀಲ ನೇತುಹಾಕಿಕೊಂಡು ಅವನು ಮೆಟ್ಟಿಲು ಹತ್ತುತ್ತಾನೆ, ಪಾತ್ರೆ ತೊಳೆಯುತ್ತಾನೆ, ಬಸ್ಸಿನಲ್ಲಿ ತೂಕಡಿಸುತ್ತ ಕನಸಿನಲ್ಲೂ ಪಟ್ಟಿ ಸರಿಮಾಡಿಕೊಳ್ಳುತ್ತಾನೆ. ಸಿಕ್ಕವರ ಹೆಗಲಿಗೆಲ್ಲ ಅದನ್ನು ಏರಿಸಿ, “ಎಲ್ಲಿ ಒತ್ತುತ್ತೆ, ನಿಜ ಹೇಳಿ” ಎಂದು ಪ್ರಾಣ ತಿನ್ನುತ್ತಾನೆ. ಒಂದು ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. “ಎರಡೂ ಕಡೆ ಒಂದೊಂದು ಬ್ಯಾಟರಿ ಇಟ್ರೆ ತೂಕ ಸಮ ಆಗುತ್ತಲ್ಲಯ್ಯಾ” ಎಂದು ಎಂಜಿನಿಯರು ಗದರಿದರೆ, “ಎಡ ಸೊಂಟ ಖಾಲಿ ಇರ್ಲಿ ಸಾರ್” ಎನ್ನುತ್ತಾನೆ. ಸಂಜೆ ಮನೆಯಲ್ಲಿ ಅವನ ಹೆಂಡತಿ, ಅವನೇ ಹೊಲಿದ ಚೀಲವನ್ನು ಬಲಕ್ಕೆ ಇಳಿಬಿಟ್ಟುಕೊಂಡು, ಆ ಖಾಲಿ ಜಾಗಕ್ಕೆ ಮಗಳನ್ನು ಎತ್ತಿಕೊಳ್ಳುತ್ತಾಳೆ. ಅಮ್ಮನ ಎದೆಗೆ ಕಿವಿಯಿಟ್ಟ ಮಗು ಪಂಪಿನ ಗುಂಯ್ ಎನ್ನುವ ಸದ್ದು ಕೇಳುತ್ತ ಮೆಲ್ಲಗೆ ನಿದ್ದೆ ಹೋಗುತ್ತದೆ. ಅಲ್ಲಿಯವರೆಗೂ ಚೀಲದಣ್ಣ ತನ್ನ ಮರಳು ಇಳಿಸುವುದಿಲ್ಲ.