ಮಧ್ಯಾಹ್ನ ಮೈಮೇಲೆ ಬಂದ ಫಿನ್ನಿಶ್

ಮಹಾಸಭೆಯ ಮಾನ್ಯರೇ, ಮೊಬೈಲಿನಾಚೆಯ ಧನ್ಯರೇ!

ಫಿನ್‌ಲ್ಯಾಂಡಿನ ನರ್ಸ್ ಕೆಲಸಕ್ಕೆ ನಾಳೆ ನನ್ನ ಕೊನೆಯ ಭಾಷಾ ಪರೀಕ್ಷೆ. ಇಂದು ಮಧ್ಯಾಹ್ನ ದನದ ಕೊಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಕೂತು, ತೀರಿಹೋದ ರೋಗಿಯ ವಿವರವನ್ನು ಮುಂದಿನ ಪಾಳಿಯವರಿಗೆ ಒಪ್ಪಿಸುವುದನ್ನು ಫಿನ್ನಿಶಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೆ. ಎಮ್ಮೆ ಮೇವು ಬಿಟ್ಟು ಹಿಂದೆ ಸರಿದ ಸದ್ದಾಯಿತು. ಕಣ್ಣು ತೆರೆದರೆ ಬಾಜೂಮನೆಯ ಗಂಗವ್ವ ಕಾಕು ನನ್ನ ಹಣೆಗೆ ವಿಭೂತಿ ಬಳಿಯುತ್ತಿದ್ದಳು.

"ಯಾರ ನೀ? ಏನ ಬೇಕ ಹೇಳು, ಕೊಟ್ಟ ಕಳಸ್ತೀವಿ. ನಮ್ಮ ಹುಡುಗನ್ನ ಬಿಡು!"

ಓಡಿಬಂದ ನನ್ನ ಹೆಂಡತಿ, "ಕಾಕೂ, ಅದು ಪರೀಕ್ಷಾಕ್ಕ ಓದೂದ್ರಿ" ಎಂದಳು.

"ಹಂಗಾರ ಕನ್ನಡದಾಗ ಒಂದ ಮಾತ ಆಡ್ಲಿ, ನೋಡೂಣು."

ನಾನು ಪಂಡಿತನ ಗತ್ತಿನಲ್ಲಿ ನಕ್ಕು ಸುಮ್ಮನಿದ್ದೆ.

ಗತ್ತೂ ಇಲ್ಲ, ಗಿತ್ತೂ ಇಲ್ಲ. ಆ ಗಳಿಗೆಯಲ್ಲಿ ನನಗೆ ಕನ್ನಡದ ಒಂದು ಮಾತೂ ನೆನಪಾಗಲಿಲ್ಲ.