ಎಂಜಲು ಬ್ರಷ್ಷು

ನಮ್ಮ ಡ್ರಾಯಿಂಗ್ ಮೇಷ್ಟ್ರ ನಾಲಗೆ ನೀಲಿಯಾಗಿರುತ್ತಿತ್ತು. ಬ್ರಷ್ಷಿನ ತುದಿ ಚೂಪಾಗಲಿ ಎಂದು ಅದನ್ನು ಬಾಯಿಗಿಟ್ಟು, ತುಟಿಗಳ ನಡುವೆ ಒಮ್ಮೆ ಎಳೆದು, ಆಮೇಲೆ ಕಾಗದಕ್ಕೆ ತಾಗಿಸುವುದು ಅವರ ಅಭ್ಯಾಸ. ಅವರು ಬರೆಯುತ್ತಿದ್ದದ್ದು ಬಹುಪಾಲು ರೈಲು. ಆಗಿನ ಬೋಗಿಗಳೆಲ್ಲ ನೀಲಿ. ಅವರು ನಕ್ಕರೆ ಬಾಯೊಳಗೆ ಶಾಯಿ ಬಾಟಲಿ ಒಡೆದಂತೆ ಕಾಣುತ್ತಿತ್ತು. ನಾನು ಮುಖ ತಿರುಗಿಸುತ್ತಿದ್ದೆ.

ಹೇಸಿಗೆ ನನಗೆ ಮೊದಲಿಂದಲೂ ಜಾಸ್ತಿ. ಪಾಳ್ಯದ ನಮ್ಮ ಮನೆಯಲ್ಲಿ ಎಂಜಲು, ಮುಸುರೆ ಎಂದರೆ ಅಜ್ಜಿ ಸುಮ್ಮನಿರುತ್ತಿರಲಿಲ್ಲ. ನಾಲಗೆಗೆ ಬೆರಳು ತಾಗಿಸಿ ಪುಸ್ತಕದ ಹಾಳೆ ತಿರುವಿದರೂ ಸರಸ್ವತಿ ಮುನಿಯುತ್ತಾಳೆಂದು ಕೈಮೇಲೆ ಬಡಿಯುತ್ತಿದ್ದಳು. ಅಂಥ ಮನೆಯಿಂದ ಹೋದವಳ ಕೈಗೆ ಈ ಮಹಾನುಭಾವರು ತಾವು ಚೀಪಿದ ಬ್ರಷ್ಷು ಕೊಟ್ಟು "ಬರಿ" ಎನ್ನುತ್ತಿದ್ದರು. ಬೆಂಚಿನ ಕೆಳಗೆ ಅದನ್ನು ಲಂಗಕ್ಕೆ ಒರೆಸಿಕೊಂಡೇ ನಾನು ಹಿಡಿಯುತ್ತಿದ್ದೆ. ಆ ವರ್ಷ ನನ್ನ ಲಂಗದ ಅಂಚೂ ನೀಲಿಯಾಯಿತು.

ಅವರಿಗೆ ಹೇಸಿಗೆಯೇ ಇರಲಿಲ್ಲವೆಂದಲ್ಲ, ಅದು ಬೇರೆ ಜಾತಿಯದು. ನಾವು ಬರೆದ ರೈಲು ಕಂಡರೆ ಅವರಿಗೆ ವಾಕರಿಕೆ. ಇಂಜಿನ್ನಿನ ನೆತ್ತಿಗೊಂದು ಕೊಳವೆ, ಸುರುಳಿ ಸುರುಳಿ ಹೊಗೆ, ಹಿಂದೆ ಬೆಂಕಿಪೊಟ್ಟಣ ಸಾಲಾಗಿ ಇಟ್ಟಂತೆ ಬೋಗಿಗಳು. ಇಡೀ ತರಗತಿಯದು ಒಂದೇ ರೈಲು. ಹಾಳೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವಂತೆ ಎತ್ತಿ ಹಿಡಿದು ಕೇಳುತ್ತಿದ್ದರು.

"ದಿನಾ ರೈಲ್ವೆ ಗೇಟಲ್ಲಿ ನಿಂತು ರೈಲು ನೋಡ್ತೀಯ. ಈ ಕೊಳವೆನ ಯಾವತ್ತು ನೋಡ್ದೆ? ಸುಳ್ಳು ಬರ್ದಿದೀಯಲ್ಲ, ಹೇಸಿಗೆ ಆಗಲ್ವೇನವ್ವ?"

ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಇಷ್ಟವಿದ್ದವರನ್ನು ಆಲೂರು ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಿದ್ದರು. ಮೊದಮೊದಲು ರೈಲು ಬರೆಯಲು ಬಿಡಲೇ ಇಲ್ಲ. ಬರೀ ಜಲ್ಲಿ, ಹಳಿ, ಚಕ್ರ, ಬೋಗಿಯ ಕೆಳಗಿನ ಕತ್ತಲೆ. "ಓಡೋದು ಆಮೇಲೆ. ಮೊದ್ಲು ರೈಲು ಭಾರ ಹೊರ್ತೈತೆ. ಆ ಭಾರ ಬರಿ" ಎನ್ನುತ್ತಿದ್ದರು. ಚಕ್ರ ಹಳಿಗೆ ತಾಗುವಲ್ಲಿ ಕಪ್ಪು ಸಾಲದೆ ಹೋದರೆ, "ನಿನ್ ರೈಲು ಗಾಳಿಪಟ ಆಗ್ಬುಟ್ಟೈತೆ. ಹಿಡ್ಕೊ, ಹಾರ್ಕಂಡ್ ಹೋದಾತು" ಎಂದು ಎಲ್ಲರೆದುರು ಮಾನ ಕಳೆಯುತ್ತಿದ್ದರು. ಬೈಸಿಕೊಂಡು ಬೈಸಿಕೊಂಡು ನನ್ನ ರೈಲು ಕೊನೆಗೂ ನೆಲಕ್ಕೆ ಕೂತಿತು.

ಬಣ್ಣದ ಪಾಠ ಆದದ್ದೂ ಅಲ್ಲೇ. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದ ರೈಲು ನಿಂತಿತ್ತು. ನಾನು ಬೋಗಿಗೆಲ್ಲ ಒಂದೇ ನೀಲಿ ಬಳಿಯುತ್ತಿದ್ದೆ. ಮೇಷ್ಟ್ರು ಒಂದು ಕಿಟಕಿಯ ಕೆಳಗೆ ಬೆರಳು ತೋರಿಸಿ, "ಅಲ್ಲೇನೈತೆ?" ಎಂದರು. ಯಾರೋ ವಾಂತಿ ಮಾಡಿದ್ದರು. ಅದು ಕಿಟಕಿಯಿಂದ ಚಕ್ರದವರೆಗೂ ಇಳಿದು ಒಣಗಿತ್ತು.

"ಗಲೀಜು, ಸಾ."

"ಗಲೀಜು ಅಂತ ಬಣ್ಣ ಐತಾ ಡಬ್ಬೀಲಿ? ಯಾವ್ ಬಣ್ಣ ಹೇಳು."

"ಹಳದಿ."

"ಹತ್ರ ಹೋಗಿ ನೋಡ್ಕಂಡ್ ಬಾ."

ಹೋದೆ. ವಾಸನೆ ಬಡಿದದ್ದೇ ತಡ, ಪ್ಲಾಟ್‌ಫಾರಮ್ಮಿನ ಅಂಚಿಗೆ ಕೂತು ನಾನೂ ಕಕ್ಕಿದೆ. ಜೊತೆಯವರು ಮೂಗು ಮುಚ್ಚಿಕೊಂಡು ದೂರ ಸರಿದರು. ಮೇಷ್ಟ್ರು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತರು. "ಕಕ್ಕೊ. ತಪ್ಪಿಲ್ಲ. ಹೇಸ್ಕಂಡ್ರೆ ಕಣ್ಣು ಮುಚ್ಕತ್ತೈತೆ ಕಣವ್ವ. ತೆಗ್ದು ಇನ್ನೊಂದ್ಸಲ ನೋಡು" ಎಂದರು. ಬಾಯಿ ತೊಳೆದುಕೊಂಡು ನೋಡಿದೆ. ಅಂಚಲ್ಲಿ ಕಾವಿ, ನಡುವೆ ಬೂದಿ, ನೀಲಿಯ ಮೇಲೆ ತೆಳುವಾದಲ್ಲಿ ಸ್ವಲ್ಪ ಹಸಿರು. ಅವತ್ತು ಆ ಮನುಷ್ಯನನ್ನು ಮನಸಾರೆ ದ್ವೇಷಿಸಿದೆ. ಆದರೆ ಆ ಪಟ್ಟೆ ಬರೆದ ಮೇಲೆ ನನ್ನ ರೈಲಿನೊಳಗೆ ಮೊದಲ ಸಲ ಜನ ಇದ್ದಾರೆ ಅನ್ನಿಸಿತು.

ನಿವೃತ್ತಿಯಾದ ಮೇಲೆ ಅವರು ಬೆಳಗೋಡಿನಲ್ಲಿದ್ದರು. ಬಾಯಿ ಹುಣ್ಣಾಗಿದೆ, ಮಾತು ನಿಂತಿದೆ ಎಂಬ ಸುದ್ದಿ ಕೇಳಿ ಹೋದ ವರ್ಷ ನೋಡಲು ಹೋದೆ. ಅಷ್ಟರಲ್ಲಿ ನಾನು ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಅವರದೇ ಪಾಠ ನನ್ನದು. ಜಗಲಿಯ ಮೇಲೆ ಬಂದವರೆಲ್ಲ ಕಿತ್ತಳೆ ಹಣ್ಣಿನ ಚೀಲ ಇಟ್ಟು, ಬಾಗಿಲಲ್ಲೇ ಇಣುಕಿ, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. "ಬಣ್ಣ ತಿಂದು ತಿಂದು ಹಿಂಗಾಯ್ತು" ಎಂದು ಒಬ್ಬರು ತೀರ್ಪು ಕೊಟ್ಟರು. ಮೇಷ್ಟ್ರು ಜಗಿಯುತ್ತಿದ್ದ ಹೊಗೆಸೊಪ್ಪಿನ ಮಾತು ಯಾರೂ ಎತ್ತಲಿಲ್ಲ, ಆಡುವವರ ಬಾಯಲ್ಲೂ ಅದೇ ಇತ್ತು. ಆ ಕಿತ್ತಳೆ ಹಣ್ಣು ತಿನ್ನುವ ಬಾಯಾದರೂ ಅವರಿಗೆಲ್ಲಿತ್ತು? ಹುಣ್ಣಿಗಿಂತ ಆ ಜನರೇ ನನಗೆ ಅಸಹ್ಯವೆನಿಸಿದರು.

ಆದರೆ ಒಳಗೆ ಹೋದ ಕೂಡಲೇ ನನ್ನ ಕೈಯೂ ಸೆರಗನ್ನು ಮೂಗಿಗೆ ಒಯ್ದಿತ್ತು. ಮೇಷ್ಟ್ರು ನೋಡಿದರು. ಕೋಪಿಸಿಕೊಳ್ಳಲಿಲ್ಲ. ಹತ್ತಿರ ಬರುವಂತೆ ಕೈಸನ್ನೆ ಮಾಡಿ, ಆದಷ್ಟು ಬಾಯಿ ತೆರೆದು, ಹುಬ್ಬು ಹಾರಿಸಿದರು. ಸ್ಟೇಷನ್ನಿನಲ್ಲಿ ಬಣ್ಣ ಕೇಳುವಾಗ ಹಾರಿಸುತ್ತಿದ್ದಂತೆಯೇ. ಏನು ಕೇಳುತ್ತಿದ್ದಾರೆಂದು ತಿಳಿಯಿತು. ಸೆರಗು ಬಿಟ್ಟು ಬಗ್ಗಿ ನೋಡಿದೆ.

"ಅಂಚಲ್ಲಿ ಬಿಳಿ, ಸಾ. ಒಳಗೆ ಕಾವಿ. ಆಳದಲ್ಲಿ ನೇರಳೆ."

ತಲೆಯಾಡಿಸಿದರು. ಪೂರ್ತಿ ಅಂಕ ಕೊಟ್ಟಾಗ ಆಡಿಸುತ್ತಿದ್ದ ತಲೆ ಅದು. ಅವರ ಹೆಂಡತಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಮಳೆಗಾಲ ಶುರುವಾಗುವ ಮೊದಲೇ ಮೇಷ್ಟ್ರು ತೀರಿಹೋದರು.

ಅವರ ನೆನಪಿಗೆಂದು ಶಾಲೆಯ ಗೋಡೆಗೆ ರೈಲು ಬರೆಸುವುದು ಎಂದಾಯಿತು. ಬರೆಯುವವಳು ನಾನೇ. ಶಾಲಾ ಸಮಿತಿಯವರು ಫೋನಿನಲ್ಲಿ ಮಾದರಿ ತೋರಿಸಿದರು: ಇಂಜಿನ್ನಿಗೆ ಎರಡು ಕಣ್ಣು, ಹಲ್ಲು ಕಿರಿಯುವ ಬಾಯಿ, ನೆತ್ತಿಯ ಮೇಲೆ ಕೊಳವೆ, ಹೊಗೆ. ನನ್ನ ಬಾಯಿಂದ "ಥೂ" ಎಂದು ಬಂದೇಬಿಟ್ಟಿತು. ಅವರು ಬೇಜಾರು ಮಾಡಿಕೊಂಡು ಹೋದರು. ಹೋಗಲಿ.

ಜಲ್ಲಿಯಿಂದ ಶುರು ಮಾಡಿ, ಚಕ್ರದ ಕೆಳಗೆ ಕಪ್ಪು ತುಂಬಿ, ಹಳೆಯ ನೀಲಿ ಬೋಗಿಗಳನ್ನು ನಿಲ್ಲಿಸಿದೆ. ಕೊನೆಗೆ ಒಂದು ಕಿಟಕಿಯ ಕೆಳಗಿನ ಪಟ್ಟೆ ಉಳಿದಿತ್ತು. ಸಣ್ಣ ಬ್ರಷ್ಷಿನ ಕೂದಲು ಕವಲಾಗಿ, ಗೆರೆ ಕೂರುತ್ತಿರಲಿಲ್ಲ. ಎರಡು ಸಲ ಬಟ್ಟೆಗೆ ಒತ್ತಿ ನೋಡಿದೆ. ಆಗಲಿಲ್ಲ.

"ಛೀ, ಏನ್ ಮೇಡಂ ಇದು, ಎಂಜಲು ಮಾಡ್ತಿದೀರಲ್ಲ" ಎಂದರು ಹಿಂದೆ ನಿಂತಿದ್ದ ಮುಖ್ಯೋಪಾಧ್ಯಾಯಿನಿ.

ಬ್ರಷ್ಷು ನನ್ನ ತುಟಿಗಳ ನಡುವೆ ಇತ್ತು. ಬಣ್ಣದ ರುಚಿ ಹೇಸಿಗೆಯಾಗಿತ್ತು. ತುದಿ ಚೂಪಾಗಿ ಬಂತು.