ಮಣ್ಣು ಹಾಕಿದ ಮೇಲೆ ಎದ್ದ ನಾಯಿ

೧೯೮೧ರ ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಅಜ್ಜಂಪುರದ ಹತ್ತಿರದ ನಮ್ಮ ತೋಟದಲ್ಲಿ, ಸತ್ತಿತೆಂದು ಗುಂಡಿಗೆ ಇಳಿಸಿ ಮಣ್ಣು ಹಾಕಿದ ನಾಯಿ ಎದ್ದು ನಿಂತಿತು.

ನಾನು ಆಗ ಕಡೂರಿನಲ್ಲಿ ಕೆಲಸದಲ್ಲಿದ್ದೆ. ಭಾನುವಾರವಾದ್ದರಿಂದ ಊರಿನಲ್ಲಿದ್ದೆ, ಕಣ್ಣಾರೆ ಕಂಡೆ. ಮುಸುವ ಕೋತಿಗಳನ್ನು ಅಟ್ಟಿಸಿಕೊಂಡು ಹೋದ ನಾಯಿ ತೋಟದ ನಡುವೆ ಕುಸಿದು ಬಿತ್ತು. ಕಾಲುಗಳು ಒಮ್ಮೆ ಸೆಟೆದು ಸಡಿಲವಾದವು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಪ್ಪ ಮೂಗಿನ ಹತ್ತಿರ ಕೈ ಹಿಡಿದು ನೋಡಿ, "ಹೋಯ್ತು" ಎಂದರು. ಪಕ್ಕದಲ್ಲೇ ತೆಂಗಿನ ಸಸಿಗೆಂದು ತೋಡಿದ ಗುಂಡಿ ಇತ್ತು. ಸತ್ತ ನಾಯಿಯನ್ನೋ ಬೆಕ್ಕನ್ನೋ ಬುಡಕ್ಕೆ ಹಾಕಿದರೆ ತೆಂಗು ಚೆನ್ನಾಗಿ ಕಾಯಿ ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಆದ್ದರಿಂದ ಯಾರೂ ತಡಮಾಡಲಿಲ್ಲ. ನಾಯಿಯನ್ನು ಮರಿಯಿಂದ ಸಾಕಿದವರು ನನ್ನ ಸೋದರತ್ತೆ. ಗಂಡ ತೀರಿದ ಮೇಲೆ ತವರಿಗೆ ಬಂದಿದ್ದ ಅವರ ಕಾಲ ಬುಡದಲ್ಲೇ ಅದು ಮಲಗುತ್ತಿತ್ತು. ಮನುಷ್ಯರಿಗೆ ಮಾಡುವಂತೆ ಮೊದಲ ಹಿಡಿ ಮಣ್ಣನ್ನು ಅವರೇ ಹಾಕಿದರು. ಮಣ್ಣು ಮುಖದ ಮೇಲೆ ಬಿದ್ದಾಗ ನಾಯಿ ಸೀನಿತು. ಆಮೇಲೆ ಮುಂಗಾಲೂರಿ ಮೇಲೆ ಹತ್ತಿಬಂತು.

ಅತ್ತೆ ಅತ್ತರು, ನಕ್ಕರು, ಸೆರಗಿನಿಂದ ಅದರ ಮುಖ ಒರೆಸಿದರು. ಮನೆಗೆ ಬಂದಾಗ ಅಜ್ಜಿ, ಎಂದರೆ ಅತ್ತೆಯ ತಾಯಿ, ಬಾಗಿಲಲ್ಲಿ ನಿಂತಿದ್ದರು. ಸುದ್ದಿ ನಮಗಿಂತ ಮುಂಚೆ ತಲುಪಿತ್ತು.

"ಅದನ್ನ ಒಳಕ್ಕೆ ಬಿಡ್ಬೇಡ."

"ಯಾಕವ್ವ? ಬದುಕೈತೆ, ನೋಡು."

"ಮಣ್ಣು ಹಾಕಿದ ಮೇಲೆ ಮನೆಗೆ ಕರೆಯೋ ಹಂಗಿಲ್ಲ. ಹೋಗಿ ಬಂದಿದ್ದು ಒಂಟಿಯಾಗಿ ಬರಲ್ಲ ಕಣೇ."

ಅಜ್ಜಿ ಒನಕೆ ತಂದು ಹೊಸಿಲಿಗೆ ಅಡ್ಡ ಹಾಕಿದರು. ಅತ್ತೆ ಒಳಗೆ ಹೋಗಿ ತಮ್ಮ ಚಾಪೆ, ಕಂಬಳಿ ತಂದು ಜಗಲಿಯ ಮೇಲೆ ಹಾಸಿದರು.

ಮರುದಿನ ನಾನು ಕೆಲಸಕ್ಕೆ ರಜೆ ಹಾಕಿದೆ. ಅತ್ತೆಯೂ ನಾನೂ ತೆಂಗಿನಕಾಯಿ ಲಾರಿಯಲ್ಲಿ ನಾಯಿಯನ್ನು ತರೀಕೆರೆಯ ದನದ ಆಸ್ಪತ್ರೆಗೆ ಕರೆದೊಯ್ದೆವು. "ಸತ್ತಿದ್ದಕ್ಕೆ ಡಾಕ್ಟ್ರು ಯಾಕಮ್ಮಾರೇ, ಪೂಜಾರಿ ಸಾಕಲ್ವಾ?" ಎಂದ ಡ್ರೈವರ್. ಅತ್ತೆ, "ನಿನಗೆ ಬಂದಾಗ ಪೂಜಾರಿನೇ ಕರೆಸ್ತೀನಿ, ನೆಟ್ಟಗೆ ಓಡ್ಸು" ಎಂದರು.

ಡಾಕ್ಟರು ನಾಯಿಯ ಎದೆಯ ಎರಡೂ ಬದಿಗೆ ಬಹಳ ಹೊತ್ತು ಸ್ಟೆತಾಸ್ಕೋಪ್ ಇಟ್ಟರು. ಕೆಮ್ಮುತ್ತದೆಯೇ, ಹೊಟ್ಟೆ ಊದಿದೆಯೇ ಎಂದು ಕೇಳಿದರು. ಎರಡೂ ಇದ್ದವು. ವಯಸ್ಸಾಯಿತಲ್ಲ ಎಂದು ನಾವು ಅಲ್ಲಿಯವರೆಗೆ ಲಕ್ಷ್ಯ ಕೊಟ್ಟಿರಲಿಲ್ಲ.

"ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯೋ ನಾಳದಲ್ಲಿ ಒತ್ತಡ ಏರಿರಬೇಕು. ನಮ್ಮ ನಿಮ್ಮ ಬಿ.ಪಿ. ಥರ ಅಲ್ಲ, ಇದು ಬೇರೆ. ಓಡಿದಾಗ ಮೆದುಳಿಗೆ ರಕ್ತ ಸಾಲದೆ ಬೀಳುತ್ತೆ, ಸುಧಾರಿಸಿಕೊಂಡು ಏಳುತ್ತೆ. ಅಳೆಯೋಕೆ ಇಲ್ಲಿ ಮಿಷನ್ ಇಲ್ಲ. ಕಿವಿಗೆ ಕೇಳಿದ್ದನ್ನ ಹೇಳ್ತಿದ್ದೀನಿ."

"ವಾಸಿ ಆಗುತ್ತಾ?"

"ಇಲ್ಲಮ್ಮ. ಹೊಟ್ಟೇಲಿ ತುಂಬಿರೋ ನೀರು ಇಳಿಯೋಕೆ ಮಾತ್ರೆ ಕೊಡ್ತೀನಿ. ಓಡೋಕೆ ಬಿಡಬೇಡಿ. ಇನ್ನೂ ಬೀಳುತ್ತೆ, ಏಳುತ್ತೆ. ಒಂದ್ಸಲ ಏಳಲ್ಲ."

"ಅದೇ ಆ ಸಲ ಅಂತ ಹೆಂಗೆ ಗೊತ್ತಾಗೋದು?"

ಡಾಕ್ಟರು, "ಕಾಯಬೇಕು" ಎಂದರು.

ಮುಂದಿನ ವಾರಗಳಲ್ಲಿ ನಾಯಿ ಜಗಲಿಯ ಮೇಲೆ ಕತ್ತು ಚಾಚಿ, ಮೊಣಕೈ ಅಗಲಿಸಿ ಕೂತಿರುತ್ತಿತ್ತು. ಅದರ ಉಸಿರು ನಡುಮನೆಗೆ ಕೇಳಿಸುತ್ತಿತ್ತು. ಅದು ಒನಕೆ ದಾಟಲಿಲ್ಲ. ತೆರೆದ ಬಾಗಿಲೊಳಗೆ ಒಂದೇ ಕಡೆ ನೋಡುತ್ತಿತ್ತು. ಯಾರನ್ನು ನೋಡುತ್ತಿದೆ ಎಂದು ಅಜ್ಜಿ ಕೇಳುತ್ತಿದ್ದರು. ಆ ಕಡೆ ಭತ್ತದ ಮೂಟೆ ಇತ್ತು. ಹಾಲಿಗೆ ಬರುವವರು ಹಿತ್ತಿಲ ಬಾಗಿಲಿಗೆ ಬರತೊಡಗಿದರು. ನಾನೂ ಭಾನುವಾರಗಳಂದು ಹಿತ್ತಿಲಿನಿಂದಲೇ ಒಳಗೆ ಹೋದದ್ದುಂಟು.

ಮಠದ ಅಯ್ಯನವರು ಒಮ್ಮೆ ಭಿಕ್ಷೆಗೆ ಬಂದು ಒನಕೆಯ ಮುಂದೆ ನಿಂತರು. ಅತ್ತೆ ವಿಷಯ ಹೇಳಿ, "ನೀವಾದ್ರೂ ಹೇಳಿ ಬುದ್ಧಿ" ಎಂದರು. ಅಯ್ಯನವರು ನಕ್ಕು, "ಲಿಂಗ ಕಟ್ಟಿದ ನಮ್ಮಲ್ಲಿ ಮನುಷ್ಯರಿಗೇ ಸೂತಕ ಇಲ್ಲ. ನಾಯಿಗೆ ಎಲ್ಲಿಂದ ತಂದ್ರವ್ವಾ?" ಎಂದು ಅಜ್ಜಿಯನ್ನು ಕೇಳಿದರು.

"ಶಾಸ್ತ್ರ ನಿಮ್ದು ಬುದ್ಧಿ. ಈ ಮನೇಲಿ ಮಲಗೋಳು ನಾನು" ಎಂದರು ಅಜ್ಜಿ. ಒನಕೆ ಅಲ್ಲೇ ಉಳಿಯಿತು.

ನಾಯಿ ಅನೇಕ ಸಲ ಬಿತ್ತು. ಪ್ರತಿ ಸಲವೂ ಅತ್ತೆ ಪಕ್ಕದಲ್ಲಿ ಕೂತು ಪಕ್ಕೆಲುಬಿನ ಮೇಲೆ ಕೈ ಇಡುತ್ತಿದ್ದರು. ಪ್ರತಿ ಸಲವೂ ಅದು ಎದ್ದಿತು. ಕೊನೆಯದನ್ನು ನಾನು ಕಂಡಿಲ್ಲ, ಅಪ್ಪ ಹೇಳಿದ್ದು. ಜೂನ್ ತಿಂಗಳಲ್ಲಿ, ಬಾವಿಯಿಂದ ಬರುತ್ತಿದ್ದ ಅತ್ತೆಯನ್ನು ಕಂಡು ಎದುರು ಹೋಗಲು ಎದ್ದ ನಾಯಿ ಅಂಗಳದ ಚಪ್ಪಡಿಯ ಮೇಲೆ ಬಿತ್ತು. ಅಪ್ಪ ಗುದ್ದಲಿ ತಂದು ನಿಂತರು. ಅತ್ತೆ ಮುಟ್ಟಗೊಡಲಿಲ್ಲ.

"ಇನ್ನೂ ಬಿಸಿ ಐತೆ ಕಣಣ್ಣ."

"ಬಿಸಿಲಿಗೆ ಕಲ್ಲೂ ಬಿಸಿ ಇರುತ್ತೆ ಕಣಮ್ಮ."

ಸಂಜೆಯಾದರೂ ಅತ್ತೆ ಏಳಲಿಲ್ಲ. ಬೆಳಗಾದ ಮೇಲೆ ನಾಯಿಯ ಕಣ್ಣಿಗೆ ಇರುವೆ ಹತ್ತಿದ್ದನ್ನು ಕಂಡು ಕೈ ತೆಗೆದರು. ತೆಂಗಿನ ಬುಡಕ್ಕೆ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪ ಹಳ್ಳದ ಬದಿಯಲ್ಲಿ ಹೂತು ಬಂದರು. ಅಜ್ಜಿ ಒನಕೆ ತೆಗೆದು ಮೂಲೆಗಿಟ್ಟರು. ಅತ್ತೆ ಚಾಪೆಯನ್ನು ಒಳಗೆ ತರಲಿಲ್ಲ.

ಆ ವರ್ಷದ ಕೊನೆಯಲ್ಲಿ ಅಜ್ಜಿ ತೀರಿಕೊಂಡರು. ಬೆಳಗಿನ ಹೊತ್ತು, ಊಟಕ್ಕೆ ಕೂತಲ್ಲೇ ಪಕ್ಕಕ್ಕೆ ವಾಲಿದರು. ಸಂಜೆಯೊಳಗೆ ಮಣ್ಣು ಮಾಡಬೇಕೆಂದು ನೆಂಟರೂ ಊರವರೂ ಹೇಳಿದರು. ಅಯ್ಯನವರೂ ಹೇಳಿದರು. ಅತ್ತೆ ತಾಯಿಯ ಎದೆಯ ಮೇಲೆ ಕೈ ಇಟ್ಟು ಕೂತಿದ್ದರು. ಮಣ್ಣು ಮಾಡಿದ್ದು ಮರುದಿನ ಮಧ್ಯಾಹ್ನ.